ಆರು ಜನ, ನಾನೂರ ಎಂಟು ಕಿಲೋ

ನನ್ನ ಮೈದುನ ಬಾಗಿಲು ಹಾಕುವವನಲ್ಲ. ಹುಟ್ಟಿದಾಗಿನಿಂದ ಹಾಕಿದವನಲ್ಲ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ನಾನು ಸೊಸೆಯಾಗಿ ಬಂದಾಗ ಅವನಿಗೆ ಹದಿಮೂರು ವರ್ಷ. ಅಂದಿನಿಂದ ಈಚಿನದಕ್ಕೆ ನಾನೇ ಸಾಕ್ಷಿ. ಬೀದಿ ಬಾಗಿಲು, ಬಚ್ಚಲ ಬಾಗಿಲು, ಬೀರುವಿನ ಬಾಗಿಲು, ಯಾವುದಾದರೂ ಸರಿ, ತೆಗೆದು ಒಳಗೆ ಹೋಗುತ್ತಾನೆ, ಹಾಗೇ ಬಿಟ್ಟು ಬರುತ್ತಾನೆ. ಇಂಥವನು ಹೊಟ್ಟೆಪಾಡಿಗೆ ಹಿಡಿದದ್ದು ಲಿಫ್ಟ್ ರಿಪೇರಿ. ಬಾಗಿಲು ಪೂರ್ತಿ ಹಾಕಿಕೊಳ್ಳದಿದ್ದರೆ ಲಿಫ್ಟು ಒಂದಂಗುಲ ಕದಲುವುದಿಲ್ಲ. ಮೂವತ್ತೊಂಬತ್ತು ವರ್ಷ ಊರಿನವರ ಬಾಗಿಲುಗಳನ್ನೆಲ್ಲ ಸರಿಯಾಗಿ ಹಾಕಿಕೊಳ್ಳುವ ಹಾಗೆ ಮಾಡಿದ್ದಾನೆ. ಮನೆಯಲ್ಲಿ ಯಾಕೋ ಹಾಕಲ್ಲ ಎಂದರೆ, ಡ್ಯೂಟಿ ಮುಗೀತಲ್ಲ ಎನ್ನುತ್ತಾನೆ.

ನಾನು ಬರೆಯಲು ಕೂತದ್ದು ಬಾಗಿಲಿಗಾಗಿ ಅಲ್ಲ. ಅವನು ಇಪ್ಪತ್ತೇಳನೇ ವಯಸ್ಸಿನಲ್ಲಿ ಮಾಡಿದ ಒಂದೇ ಒಂದು ಕುಣಿತದ ರೆಕಾರ್ಡಿಗಾಗಿ. ಬಾಗಿಲು ತಾನಾಗಿ ನಡುವೆ ಬರುತ್ತದೆ.

ಕಟ್ಟಡದ ನೆತ್ತಿಯ ಮೇಲೆ ಲಿಫ್ಟಿನ ಮೋಟಾರು ಇರುವ ಕೋಣೆಯೊಂದು ಇರುತ್ತದೆ. ಆ ಕಾಲದಲ್ಲಿ ಅಲ್ಲಿ ಬೀರುವಿನಷ್ಟು ಎತ್ತರದ ಪೆಟ್ಟಿಗೆ, ಅದರ ತುಂಬ ರಿಲೇಗಳು, ಕರೆಂಟು ಬಂದರೆ ಟಕ್ಕನೆ ಕಚ್ಚಿಕೊಳ್ಳುವ ಸಣ್ಣ ಸ್ವಿಚ್ಚುಗಳು. ಮೂರನೇ ಮಹಡಿಯಲ್ಲಿ ಯಾರೋ ಗುಂಡಿ ಒತ್ತಿದರೆ ಮೇಲೆ ಟಕ್ ಎನ್ನುತ್ತದೆ. ಬಾಗಿಲು ಹಾಕಿಕೊಂಡರೆ ಟಕ್ ಟಕ್. ಆಮೇಲೆ ಮೋಟಾರು ಗುಂ ಎಂದು ಏಳುತ್ತದೆ. ಉಳಿದ ಮೆಕ್ಯಾನಿಕ್ಕುಗಳು ಊಟಕ್ಕೆ ಕೆಳಗೆ ಇಳಿದರೆ ಇವನು ಬುತ್ತಿ ಬಿಚ್ಚಿಕೊಂಡು ಆ ಪೆಟ್ಟಿಗೆಯ ಮುಂದೆ ಕೂರುತ್ತಿದ್ದ. ಕಟ್ಟಡದವರು ಮೇಲೆ ಕೆಳಗೆ ಓಡಾಡಿದ್ದಕ್ಕೆ ಸರಿಯಾಗಿ ಇವನ ಕಾಲು ಅಲುಗುತ್ತಿತ್ತು. ಇದನ್ನೆಲ್ಲ ಅವನೇ ನನಗೆ ಹೇಳಿದ್ದು. ಆಗ ನನಗೆ, ಈ ಹುಡುಗನಿಗೆ ಬೇಗ ಒಂದು ಹೆಣ್ಣು ನೋಡಬೇಕು ಎನ್ನಿಸಿತ್ತು.

ನಾನು ಆಗಲೂ ಈಗಲೂ ಕಾಜಾ, ಅಂದರೆ ಅಂಗಿಯ ಗುಂಡಿ ತೂರುವ ತೂತಿನ ಅಂಚು, ಹೊಲಿಯುವವಳು. ನಾನು ಕೂರುವ ದರ್ಜಿಯ ಅಂಗಡಿ ರಸ್ತೆ ಮಟ್ಟದಲ್ಲಿದೆ, ಅದರ ಕೆಳಗೆ ನೆಲಮಾಳಿಗೆಯಲ್ಲಿ ರೆಕಾರ್ಡಿನ ಅಂಗಡಿ. ಅದರ ಯಜಮಾನನಿಗೆ ಆಗ ಭುಜದವರೆಗೆ ಕೂದಲಿತ್ತು, ಈಗ ಭುಜ ಮಾತ್ರ ಉಳಿದಿದೆ. ಶುಕ್ರವಾರ ಹನ್ನೊಂದು ಗಂಟೆಗೆ ಹೊಸ ರೆಕಾರ್ಡುಗಳ ಪೆಟ್ಟಿಗೆ ಬರುತ್ತದೆ. ಅವನು ಒಂದೊಂದನ್ನೇ ಹಾಕಿ ನೋಡುತ್ತಾನೆ, ಸದ್ದು ನೆಲದ ಕಲ್ಲಿನಿಂದ ನನ್ನ ಅಂಗಾಲಿಗೆ ಬರುತ್ತದೆ. ಹಾಡಿನ ದನಿ, ತಂತಿ, ಕೊಳಲು ಇದ್ದರೆ ಅವೆಲ್ಲ ಕೆಳಗೇ ಉಳಿಯುತ್ತವೆ. ಏಟು ಮಾತ್ರ ಮೇಲೆ ಹತ್ತುತ್ತದೆ. ಹೀಗೆ ನಾನು ಜಗತ್ತಿನ ಎಲ್ಲ ಹೊಸ ರೆಕಾರ್ಡುಗಳನ್ನೂ ಕೇಳಿದ್ದೇನೆ, ಕಾಲಿನಿಂದ. ಕೇಳಿದ ಮೇಲೆ ಅವನು ಒಂದೊಂದಕ್ಕೂ ಸಣ್ಣ ಚೀಟಿ ಬರೆದು ಅಂಟಿಸುತ್ತಾನೆ. ‘ತಣ್ಣಗೆ, ಕಬ್ಬಿಣದಂತೆ, ಒಂಟಿಯಾಗಿ’ ಎಂದು ಒಂದರ ಮೇಲೆ ಬರೆದಿದ್ದ. ನಮ್ಮ ಅಂಗಡಿಯ ಇಸ್ತ್ರಿಪೆಟ್ಟಿಗೆಯನ್ನು ಬೆಳಗಿನ ಹೊತ್ತು ನೋಡಿದರೂ ಇದೇ ಅನ್ನಬಹುದು.

ಅವನ ಅಂಗಡಿಯಲ್ಲಿ ಎಡಗಡೆಯ ಗೂಡು ಹೌಸ್‌ಗೆ, ಬಲಗಡೆಯದು ಟೆಕ್ನೋಗೆ. ಎರಡೂ ಯಂತ್ರದ ಏಟಿಗೆ ಕುಣಿಯುವ ಪರದೇಶದ ಸಂಗೀತ. ಎರಡನ್ನೂ ಒಂದೇ ಎಂದು ಯಾರಾದರೂ ಹೇಳಿದರೆ ನನ್ನ ಮೈದುನನಿಗೂ ಅಂಗಡಿಯವನಿಗೂ ಮೈಯೆಲ್ಲ ಉರಿಯುತ್ತದೆ. ವ್ಯತ್ಯಾಸ ನನಗೆ ತಿಳಿದದ್ದು ಇಷ್ಟು. ಹೌಸ್ ಕೇಳುವವರ ಸೊಂಟ ಅಲುಗುತ್ತದೆ, ಟೆಕ್ನೋ ಕೇಳುವವರ ತಲೆ ಅಲುಗುತ್ತದೆ. ಇಬ್ಬರೂ ಏನನ್ನೂ ಕೊಳ್ಳದೆ ಎರಡು ಗಂಟೆ ನಿಂತು ಹೋಗುತ್ತಾರೆ.

ಮೈದುನ ಒಂದು ಶನಿವಾರ ನನ್ನ ಬುತ್ತಿ ಕೊಡಲು ಬಂದವನು ಕೆಳಗಿನ ಸದ್ದು ಕೇಳಿ ಮೆಟ್ಟಿಲಿಳಿದು ಹೋದ. ಮತ್ತೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ನಮ್ಮ ಮೆಷಿನ್ ರೂಮನ್ನು ಯಾರೋ ಪರದೇಶದವರು ಕದ್ದು ರೆಕಾರ್ಡ್ ಮಾಡಿದ್ದಾರೆ ಅತ್ತಿಗೆ ಎಂದ. ಆಮೇಲೆ ಅವನ ಬಿಡುವಿನ ಹೊತ್ತೆಲ್ಲ ಅಲ್ಲೇ.

ಹೋಟೆಲೊಂದರ ಬ್ಯಾಂಡು ಮುಚ್ಚಿಹೋದಾಗ ಅವರ ತಾಳದ ಯಂತ್ರವೊಂದನ್ನು ಇವನು ತಂದ. ಒತ್ತುವ ಮನೆಗಳಲ್ಲಿ ಎರಡು ಸತ್ತಿದ್ದ ಕೀಬೋರ್ಡು ಅದರ ಜೊತೆಗೆ ಬಂತು. ಕ್ಯಾಸೆಟ್ಟಿಗೆ ತುಂಬುವ ಯಂತ್ರವನ್ನು ಅಂಗಡಿಯವನು ಎರವಲು ಕೊಟ್ಟ. ಇದನ್ನೆಲ್ಲ ನಮ್ಮ ಅಡುಗೆಮನೆಯಲ್ಲಿ ಹರಡಿದ. ಮನೆಯಲ್ಲಿ ಅರ್ತಿಂಗ್ ಸರಿಯಿದ್ದ ಪ್ಲಗ್ಗು ಅದೊಂದೇ. ಕರೆಂಟಿನ ವಿಷಯದಲ್ಲಿ ಅವನು ಹುಡುಗಾಟ ಆಡುವವನಲ್ಲ. ಆರು ವಾರ, ರಜೆಯ ದಿನದ ಮಧ್ಯಾಹ್ನಗಳಲ್ಲಿ, ನಾನು ಒಲೆಯ ಒಂದು ಬದಿಯಲ್ಲಿ ಅಡುಗೆ ಮಾಡಿದರೆ ಅವನು ಇನ್ನೊಂದು ಬದಿಯಲ್ಲಿ ಟಕ್ ಟಕ್ ಮಾಡಿದ. ಮೈಕು ಹಿಡಿದು ನನ್ನ ಪಾತ್ರೆಗಳನ್ನೆಲ್ಲ ಬಡಿದು ನೋಡಿದ. ದಪ್ಪ ತಳದ ದೊಡ್ಡ ಪಾತ್ರೆ ಪಾಸಾಯಿತು, ಉಳಿದವು ಫೇಲು.

ನನ್ನ ಯಜಮಾನರು ಆಗ ಕೋಲ್ಡ್ ಸ್ಟೋರೇಜಿನಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಒಂಬತ್ತಕ್ಕೆ ಮಲಗಿದರೆ ಏಳುವುದು ನಾಲ್ಕಕ್ಕೆ. ಅಡುಗೆಮನೆಗೂ ಅವರ ಕೋಣೆಗೂ ನಡುವೆ ಒಂದು ಓಣಿ, ಒಂದು ಬಾಗಿಲು. ಆ ಬಾಗಿಲನ್ನು ಮೈದುನ ಹಾಕುತ್ತಿದ್ದನೇ ಎಂದು ಕೇಳಬೇಡಿ. ನಾನು ಹಾಕಿಬರುತ್ತಿದ್ದೆ, ಅವನು ನೀರಿಗೆ ಹೋಗಿ ಮತ್ತೆ ತೆಗೆದಿಡುತ್ತಿದ್ದ. ನಾಲ್ಕನೆಯ ವಾರ ಅವನು ಪಾತ್ರೆ ಬಡಿಯುತ್ತಿದ್ದಾಗ ಒಳಗಿನಿಂದ ಯಜಮಾನರ ದನಿ ಬಂತು.

“ಬಾಗಿಲು ಹಾಕೋ, ಕತ್ತೆ.”

ಅವರು ಕಿರುಚಲಿಲ್ಲ. ಅವರು ಕಿರುಚುವವರಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಿಸದೆ, ಕಣ್ಣು ಬಿಡದೆ ಹೇಳಿದ ಮಾತು. ಮೈಕು ಅದನ್ನೂ ನುಂಗಿತು. ಮೈದುನ ಅದನ್ನು ಅಳಿಸಿಹಾಕಬೇಕಿತ್ತು. ಅದರ ಬದಲು ಅದನ್ನೇ ಕತ್ತರಿಸಿ ಹಾಡಿನಲ್ಲಿ ಹನ್ನೊಂದು ಕಡೆ ಹಚ್ಚಿದ.

ಲಿಫ್ಟಿನೊಳಗೆ ಒಂದು ತಗಡಿನ ಮೇಲೆ ಎಷ್ಟು ಜನ ಹತ್ತಬಹುದು, ಎಷ್ಟು ಭಾರ ಹೊರುತ್ತದೆ ಎಂದು ಬರೆದಿರುತ್ತದಲ್ಲ, ಹಾಡಿಗೆ ಅದನ್ನೇ ಹೆಸರಿಟ್ಟ: ಆರು ಜನ, ನಾನೂರ ಎಂಟು ಕಿಲೋ. ಅಂಗಡಿಯವನು ಪರಿಚಯದ ಕಾರ್ಖಾನೆಯೊಂದಕ್ಕೆ ಕ್ಯಾಸೆಟ್ಟು ಕಳಿಸಿದ. ಮೊದಲ ಮಾದರಿ ಪ್ಲೇಟು ಬಂದ ದಿನ ಮೈದುನ ಅದನ್ನು ನಮ್ಮ ಹಜಾರದಲ್ಲಿ ಹಾಕಿದ. ರೆಕಾರ್ಡ್ ಪ್ಲೇಯರಿನಲ್ಲಿ ಒಂದು ಸಣ್ಣ ಲಿವರ್ ಇರುತ್ತದೆ. ಈ ಕಡೆ ಒತ್ತಿದರೆ ಪ್ಲೇಟು ನಿಮಿಷಕ್ಕೆ ಮೂವತ್ತಮೂರು ಸುತ್ತು ಚಿಲ್ಲರೆ ತಿರುಗುತ್ತದೆ, ಆ ಕಡೆ ಒತ್ತಿದರೆ ನಲವತ್ತೈದು. ಕಾರ್ಖಾನೆಯವರು ಕೊರೆದದ್ದು ಮೂವತ್ತಮೂರಕ್ಕೆ. ಲಿವರ್ ಇದ್ದದ್ದು ನಲವತ್ತೈದರಲ್ಲಿ, ಹಿಂದೆ ಯಾರೋ ಹಾಕಿ ಬಿಟ್ಟದ್ದು. ಮೈದುನ ನೋಡಲಿಲ್ಲ.

ಹಾಡು ದಡದಡ ಓಡಿತು. ಎರಡನೇ ನಿಮಿಷಕ್ಕೆ ಯಜಮಾನರ ದನಿ ಬಂತು, ಮೊಟ್ಟೆ ಇಟ್ಟು ಎದ್ದ ಕೋಳಿಯ ಹಾಗೆ. ಮೈದುನ ನೆಲದ ಮೇಲೆ ಉರುಳಿ ನಕ್ಕ. ತಪ್ಪು ತಿಳಿದ ಮೇಲೂ ಲಿವರ್ ಮುಟ್ಟಲಿಲ್ಲ. ಇದೇ ಸರಿ, ಇದೇ ಹಾಡು ಎಂದ. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಯಜಮಾನರು ಪಾಳಿಗೆ ಹೊರಟವರು ಚಪ್ಪಲಿ ಮೆಟ್ಟಿಕೊಂಡು ಪೂರ್ತಿ ಕೇಳಿದರು. ಕೋಳಿ ಮಾಡಿದೆಯಲ್ಲೋ ನನ್ನನ್ನ ಎಂದು ಹೊರಟುಹೋದರು. ಹದಿನಾರು ದಿನ ತಮ್ಮನೊಡನೆ ಮಾತಾಡಲಿಲ್ಲ. ಹದಿನೇಳನೇ ದಿನ ಮಾತಾಡಿದ್ದೂ ಬಾಗಿಲಿನ ವಿಷಯಕ್ಕೇ.

ಮುನ್ನೂರು ಪ್ಲೇಟು ಬಂದವು, ನಡುವಿನ ಕಾಗದ ಖಾಲಿ. ಹೆಸರಿನ ಮೊಹರನ್ನು ಮಾಡಿಸಿದ್ದರು. ಅದನ್ನು ಒತ್ತುವ ಕೆಲಸ ನನಗೆ ಬಂತು, ಕಾಜಾದವಳ ಕೈ ಅಲುಗುವುದಿಲ್ಲ ಎಂದು. ಎಷ್ಟು ವೇಗದಲ್ಲಿ ಹಾಕಬೇಕು ಎನ್ನುವುದನ್ನೂ ಒತ್ತಬೇಕಲ್ಲ ಎಂದು ಕೊನೆಯ ಗಳಿಗೆಯಲ್ಲಿ ನೆನಪಾಯಿತು. ಮೈದುನ ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಬ್ಲೇಡಿನಿಂದ ನಲವತ್ತೈದು ಎಂದು ಕೊರೆದ. ನಾನು ಮೊದಲ ಪ್ಲೇಟಿನ ಮೇಲೆ ಒತ್ತಿದರೆ ಅಂಕಿ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಮೂಡಿತು. ಕೊರೆಯುವಾಗ ತಿರುಗಿಸಿ ಕೊರೆಯಬೇಕು ಎನ್ನುವುದು ಇಷ್ಟೆಲ್ಲ ಯಂತ್ರ ಬಿಚ್ಚಿ ಜೋಡಿಸುವವನಿಗೆ ಹೊಳೆದಿರಲಿಲ್ಲ. ಇನ್ನೊಂದು ಕೊರೆದು ಕೊಡು ಎಂದೆ. ಅವನಿಗೆ ಮುಖಭಂಗವಾಗಿತ್ತು.

“ಅದೇನೂ ಬೇಡ ಬಿಡಿ ಅತ್ತಿಗೆ. ಕಿವಿ ಇರೋರಿಗೆ ಗೊತ್ತಾಗುತ್ತೆ.”

ಹೀಗೆ ಇನ್ನೂರ ತೊಂಬತ್ತೊಂಬತ್ತು ಪ್ಲೇಟುಗಳು ವೇಗದ ಅಂಕಿ ಇಲ್ಲದೆ ಹೋದವು. ಕೆಟ್ಟ ಒಂದನ್ನು ನಾನು ಸೀರೆಗಳ ಕೆಳಗೆ ಇಟ್ಟುಕೊಂಡೆ. ರಬ್ಬರನ್ನು ಗುಂಡಿಗಳ ಡಬ್ಬಿಗೆ ಹಾಕಿದೆ. ನಾನು ಏನನ್ನೂ ಬಿಸಾಡುವವಳಲ್ಲ.

ಊರಿನಲ್ಲಿ ನಲವತ್ತು ಪ್ಲೇಟು ಹೋದವು, ಹೆಚ್ಚಿನವು ಲಿಫ್ಟ್ ಕಂಪನಿಯವರಿಗೆ ಮುಖ ನೋಡಿ ಕೊಟ್ಟವು. ಉಳಿದದ್ದನ್ನು ಅಂಗಡಿಯವನು ಪರದೇಶದ ಅಂಗಡಿಗಳಿಗೆ ಕಳಿಸಿದ, ಅಲ್ಲಿಂದ ಸುದ್ದಿಯೇ ಬರಲಿಲ್ಲ. ಮೈದುನ ಮದುವೆಯಾಗಿ ಬೇರೆ ಮನೆ ಮಾಡಿದ. ಪ್ಲೇಯರು ಅವನ ಜೊತೆ ಹೋಗಿ ಅಲ್ಲೇ ಕೆಟ್ಟಿತು. ಮೂಲದ ಕ್ಯಾಸೆಟ್ಟಿನ ಮೇಲೆ ನನ್ನ ಓರಗಿತ್ತಿ ತನ್ನ ತಂಗಿಯ ಮಕ್ಕಳು ಮಗ್ಗಿ ಹೇಳುವುದನ್ನು ತುಂಬಿಸಿದಳು. ಅವಳ ತಪ್ಪಲ್ಲ, ಅದರ ಮೇಲೆ ಹೆಸರು ಬರೆದಿರಲಿಲ್ಲ. ಇನ್ನೊಂದು ಹಾಡು ಮಾಡುತ್ತೇನೆ ಎಂದು ಮೈದುನ ಹತ್ತು ವರ್ಷ ಹೇಳಿದ, ಆಮೇಲೆ ಹೇಳುವುದನ್ನು ಬಿಟ್ಟ. ರಿಲೇ ಪೆಟ್ಟಿಗೆಗಳೂ ಹೋಗಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಬೋರ್ಡುಗಳು ಬಂದವು. ಮೆಷಿನ್ ರೂಮಿನಲ್ಲಿ ಈಗ ಊಟ ರುಚಿಸುವುದಿಲ್ಲ ಎನ್ನುತ್ತಾನೆ. ಯಜಮಾನರು ಹೋಗಿ ಆರು ವರ್ಷವಾಯಿತು. ನಮ್ಮ ಮನೆಯಲ್ಲಿ ಫೋಟೋ ಉಂಟು, ದನಿ ತುಂಬಿಸಿಟ್ಟದ್ದು ಇರಲಿಲ್ಲ. ಯಾರಿಗೂ ಆ ಯೋಚನೆ ಬಂದಿರಲಿಲ್ಲ, ಅವರು ಅಷ್ಟು ಮಾತಾಡುವವರೂ ಆಗಿರಲಿಲ್ಲ.

ಇತ್ತೀಚೆಗೆ ಅಂಗಡಿಗೆ ಹೊಸ ರೆಕಾರ್ಡುಗಳಿಗಿಂತ ಹಳೆಯವುಗಳ ಮರುಮುದ್ರಣವೇ ಹೆಚ್ಚು ಬರುತ್ತದೆ. ಮೂವತ್ತು ವರ್ಷದ ಹಿಂದೆ ಯಾರೂ ಕೇಳದೆ ಮೂಲೆಗೆ ಬಿದ್ದದ್ದನ್ನು ಒರೆಸಿ, ದಪ್ಪ ಕವರು ಹಾಕಿ, ಹಿಂಬದಿಯಲ್ಲಿ ಒಂದು ಪುಟ ಹೊಗಳಿ ಮತ್ತೆ ತರುತ್ತಾರೆ. ಮಾಡಿದವನು ಸತ್ತಿದ್ದರೆ ಹೊಗಳಿಕೆ ಎರಡು ಪುಟ. ಹಾಗಿರುವಾಗ ಹೋದ ವರ್ಷ ಅಂಗಡಿಯವನು ಮೂರು ಮೆಟ್ಟಿಲಿಗೆ ಒಂದರಂತೆ ಹಾರಿಕೊಂಡು ಮೇಲೆ ಬಂದ. ಪರದೇಶದ ಕಂಪನಿಯೊಂದು ಕಾಗದ ಬರೆದಿತ್ತು. ಆರು ಜನ, ನಾನೂರ ಎಂಟು ಕಿಲೋವನ್ನು ಮತ್ತೆ ತರುತ್ತಾರಂತೆ. ಅದರ ಹಳೆಯ ಪ್ರತಿಗಾಗಿ ಜನ ಗುಜರಿ ಅಂಗಡಿಗಳಲ್ಲಿ ಮೊಣಕಾಲೂರಿ ಹುಡುಕುತ್ತಾರಂತೆ. ಮಾಡಿದವರು ಇದ್ದಾರೆಯೇ, ಇದ್ದರೆ ಒಂದು ಸಂಗತಿ ತಿಳಿಸಬೇಕು ಎಂದು ಕೇಳಿದ್ದರು: ನಡುನಡುವೆ ಬರುವ ಆ ಹಿರಿಯರ ಗಂಭೀರವಾದ ಮಂತ್ರ ಯಾವ ಗ್ರಂಥದ್ದು?

ಮೈದುನ ನಕ್ಕೂ ನಕ್ಕೂ ಕೆಮ್ಮಿದ. ಕೋಳಿ ದನಿಗೆ ಗಂಭೀರ ಅಂತಾರಲ್ಲ ಎಂದ. ಅಷ್ಟಕ್ಕೇ ಬಿಟ್ಟ, ಅಲ್ಲೇ ಯೋಚಿಸಬೇಕಿತ್ತು. ಆದರೆ ಅವನು ಆಗ ಯೋಚಿಸುವ ಸ್ಥಿತಿಯಲ್ಲಿರಲಿಲ್ಲ. ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ. ಲಿಫ್ಟ್ ಕಂಪನಿಯವರು ಒಂದು ಗೋಡೆ ಗಡಿಯಾರ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಬದುಕಿನಲ್ಲಿ ತನ್ನದು ಎಂದು ಮಾಡಿದ್ದು ಅದೊಂದೇ ಪ್ಲೇಟು, ಅದು ಈಗ ಜೀವ ಹಿಡಿದು ವಾಪಸ್ಸು ಬರುತ್ತಿತ್ತು. ಆ ತಿಂಗಳು ಅವನು ದುರಸ್ತಿ ಮಾಡಿದ ಲಿಫ್ಟುಗಳಲ್ಲಿ ಹತ್ತಿದವರಿಗೆಲ್ಲ ಈ ಸುದ್ದಿ ತಿಳಿಯಿತು. ನಡುವೆ ಇಳಿಯಲು ಅವರಿಗೆ ದಾರಿ ಇರಲಿಲ್ಲವಲ್ಲ.

ಮಾದರಿ ಪ್ಲೇಟು ಬಂದದ್ದು ಒಂದು ಸೋಮವಾರ ಮಧ್ಯಾಹ್ನ. ಕಂಪನಿಯವರು ಹಳೆಯ ಪ್ರತಿಯಿಂದಲೇ ಹೊಸದನ್ನು ಕೊರೆಸಿದ್ದರು. ಮಾಡಿದವನು ಕೇಳಿ ಸರಿ ಅಥವಾ ಬೇಡ ಎಂದು ಗುರುವಾರ ಮಧ್ಯಾಹ್ನದೊಳಗೆ ತಿಳಿಸಬೇಕು. ಇಲ್ಲದಿದ್ದರೆ ಕಾರ್ಖಾನೆಯಲ್ಲಿ ಸರದಿ ತಪ್ಪುತ್ತದೆ. ಮೈದುನ ಸಮವಸ್ತ್ರದಲ್ಲೇ ಬಂದ. ನನ್ನನ್ನೂ ಕೆಳಗೆ ಕರೆದ. ಅಂಗಡಿಯವನು ಪ್ಲೇಟು ಹಾಕಿ ಮುಳ್ಳು ಇಟ್ಟ.

ಏಟು ಶುರುವಾಯಿತು. ನಾನು ಅಭ್ಯಾಸಬಲದಿಂದ ಎಣಿಸಿದೆ, ನಿಮಿಷಕ್ಕೆ ನೂರು. ನಮ್ಮ ಹಜಾರದಲ್ಲಿ ಕೇಳಿದ್ದು ನೂರ ಮೂವತ್ತೈದು. ಒಂದೂವರೆ ನಿಮಿಷಕ್ಕೆ, ಇನ್ನೂ ಮಾತಿನ ಜಾಗ ಬರುವ ಮೊದಲೇ, ಮೈದುನ ಕೈ ಹಾಕಿ ಮುಳ್ಳು ಎತ್ತಿಬಿಟ್ಟ.

“ಯಾರು ಸತ್ತಿದ್ದು?”

“ಯಾರೂ ಇಲ್ಲ ಗುರುವೇ, ಇದು ನಿಮ್ಮದೇ ಹಾಡು.”

“ನಂದು ಓಡುತ್ತೆ ಮಾರಾಯ. ಇದು ಮೊಣಕಾಲು ನೋವಿನವರ ಥರ ಮೆಟ್ಟಿಲು ಹತ್ತುತ್ತಿದೆ.”

ಪ್ಲೇಟಿನ ಬಿಳಿಯ ಕಾಗದದ ಮೇಲೆ ಮೂವತ್ತಮೂರು ಎಂದು ಕೈಬರಹದಲ್ಲಿತ್ತು. ಆಗ ಅಂಗಡಿಯವನು, ತನಗೂ ಈ ವಾರವೇ ತಿಳಿದದ್ದು ಎಂದು ಕಥೆ ಹೇಳಿದ. ಪರದೇಶದಲ್ಲಿ ಡಿಜೆಯೊಬ್ಬ ಈ ಪ್ಲೇಟನ್ನು ತೆಗೆದು ನೋಡಿದ್ದಾನೆ. ವೇಗದ ಅಂಕಿ ಇಲ್ಲ. ಲಿವರ್ ಮೂವತ್ತಮೂರರಲ್ಲಿತ್ತು, ಹಾಗೇ ಹಾಕಿದ್ದಾನೆ. ಜನ ಕುಣಿದಿದ್ದಾರೆ. ಅವನನ್ನು ನೋಡಿ ಇನ್ನೊಬ್ಬ, ಅವನನ್ನು ನೋಡಿ ಮತ್ತೊಬ್ಬ. ಮೂವತ್ತೊಂದು ವರ್ಷದಿಂದ ಜನಕ್ಕೆ ಗೊತ್ತಿರುವುದು ನಿಧಾನದ ಹಾಡೇ, ಅವರು ಕೇಳುತ್ತಿರುವುದೂ ಅದನ್ನೇ. ನಲವತ್ತೈದಕ್ಕೆ ಹಾಕಿದರೆ ಟೆಕ್ನೋ, ಮೂವತ್ತಮೂರಕ್ಕೆ ಹಾಕಿದರೆ ಹೌಸ್, ಎಂಥ ಚಂದ ನೋಡಿ, ಯಾವ ಗೂಡಿನಲ್ಲಿಡಲಿ ಅನ್ನೋದೇ ತಲೆಬಿಸಿ ಎಂದು ಅವನು ಹಿಗ್ಗಿದ. ಮೈದುನ ಹಿಗ್ಗಲಿಲ್ಲ. ಜಗತ್ತಿಗೆ ಕಿವಿ ಇಲ್ಲದಿದ್ದರೆ ತಾನೇನು ಮಾಡುವುದು ಎಂದ. ಕಿವಿಯ ಮೇಲೆ ಭಾರ ಹಾಕಿ ಅಂಕಿ ಬಿಟ್ಟವನು ಯಾರು ಎಂದು ನನ್ನ ನಾಲಗೆಯ ತುದಿಗೆ ಬಂತು.

ಬರೇ ಒಂದು ಅಂಕಿ ತಾನೇ, ಬೇಕಾದವರು ಲಿವರ್ ಸರಿಸಿ ಕೇಳಿಕೊಳ್ಳುತ್ತಾರೆ ಎಂದು ಅಂಗಡಿಯವನು ಸಮಾಧಾನ ಹೇಳಿದ. ಕಂಪ್ಯೂಟರಿನಲ್ಲಿ ಕೇಳುವವರಿಗೆ ಲಿವರ್ ಎಲ್ಲಿದೆ, ಕವರಿನ ಮೇಲೆ ಎಂಟು ನಿಮಿಷ ಆರು ಸೆಕೆಂಡು ಎಂದು ಹಾಕುತ್ತಾರೆ, ನನ್ನದು ಸರಿಯಾಗಿ ಆರು ನಿಮಿಷ ಎಂದು ಮೈದುನ ಹಟ ಹಿಡಿದ. ನಲವತ್ತೈದು ಎಂದು ಹಾಕಲಿ, ಇಲ್ಲದಿದ್ದರೆ ಬೇಡ. ಅಂಗಡಿಯವನು ಹಾಗೇ ಬರೆದ. ಮಂಗಳವಾರ ಉತ್ತರ ಬಂತು, ಬಹಳ ಮರ್ಯಾದೆಯಿಂದ: ನಿಧಾನದ್ದಾದರೆ ತರುತ್ತೇವೆ, ಓಡುವುದು ಯಾರಿಗೂ ಬೇಕಾಗಿಲ್ಲ.

ಓರಗಿತ್ತಿ ಫೋನು ಮಾಡಿ, ನಿಮ್ಮ ಮೈದುನ ಎರಡು ದಿನದಿಂದ ಅನ್ನ ಬಿಟ್ಟಿದ್ದಾರೆ, ಹೊರಗೆ ತಿಂದು ಬರುತ್ತಾರೇನೋ ಗೊತ್ತಿಲ್ಲ, ನೀವಾದರೂ ಬುದ್ಧಿ ಹೇಳಿ ಅಕ್ಕ ಎಂದಳು. ಬುದ್ಧಿ ಹೇಳಿದರೆ ಕೇಳುವ ಜಾತಿಯವನಾಗಿದ್ದರೆ ಬಾಗಿಲಿನ ವಿಷಯದಲ್ಲೇ ಕೇಳುತ್ತಿದ್ದ ಎಂದೆ.

ಬುಧವಾರ ಸಂಜೆ ಐದಕ್ಕೆ ಅವನೇ ನನ್ನ ಮನೆಗೆ ಬಂದ. ಹಿಂದೆ ಅಂಗಡಿಯವನು ಪ್ಲೇಯರು, ಹೊಸ ಪ್ಲೇಟು ಹೊತ್ತುಕೊಂಡು. ಮೈದುನನ ಜೇಬಿನಲ್ಲಿ ‘ಬೇಡ’ ಎಂದು ಬರೆದು ಸಹಿ ಹಾಕಿದ ಕಾಗದವಿತ್ತು. ಅವನಿಗೆ ಬೇಕಾಗಿದ್ದದ್ದು ಸೀರೆಗಳ ಕೆಳಗಿನ ನನ್ನ ಪ್ಲೇಟು. ನಲವತ್ತೈದು ಎಂದು ಒತ್ತಿದ ಪ್ರತಿ ಲೋಕದಲ್ಲಿ ಅದೊಂದೇ. ಅದರ ಫೋಟೋ ತೆಗೆದು ‘ಬೇಡ’ದ ಜೊತೆ ಕಳಿಸಿ ಅವರ ಮುಖಕ್ಕೆ ಹಿಡಿಯಬೇಕು ಎಂಬ ಲೆಕ್ಕ. ಅಂಕಿ ತಿರುಗುಮುರುಗಾಗಿದೆ ಎಂದು ನೆನಪಿಸಿದೆ. ಕನ್ನಡಿ ಹಿಡಿದು ನೋಡಿಕೊಳ್ಳಲಿ ಎಂದ.

ಅವನು ಬಂದದ್ದು ಬೀದಿ ಬಾಗಿಲಿನಿಂದ, ಅದು ಹಾರುಹೊಡೆದು ತೆರೆದಿತ್ತು. ಹೊರಗಿನಿಂದ ಆಟೋದ ಸದ್ದು, ಧೂಳು ಒಳಗೆ ಬರುತ್ತಿತ್ತು. ನಾನು ಅಂಗಿಯೊಂದಕ್ಕೆ ಕಾಜಾ ತೆಗೆಯುತ್ತಿದ್ದೆ, ಐದು ಮುಗಿದಿತ್ತು, ಎರಡು ಬಾಕಿ. ಅಂಗಡಿಯವನು ಹೇಳಿದ, ಬೇಡ ಅನ್ನುವ ಮೊದಲು ಹೊಸ ಪ್ಲೇಟನ್ನು ಒಂದು ಸಲ ಕೊನೆತನಕ ಕೇಳಿ ಬೇಡ ಅನ್ನಿ, ನನ್ನ ಮೂವತ್ತೊಂದು ವರ್ಷದ ಸ್ನೇಹಕ್ಕೆ ಇಷ್ಟು ಮಾಡಿ. ಮೈದುನ ಕೈಕಟ್ಟಿ ಕೂತ, ಹಲ್ಲು ಕೀಳಿಸಿಕೊಳ್ಳುವವನ ಹಾಗೆ.

ಮೂವತ್ತಮೂರಕ್ಕೆ ಹಾಕಿದ. ಏಟು ಬಂತು. ನಿಧಾನವಾಗಿ ಕೇಳಿದಾಗ ಅದು ನನ್ನ ಪಾತ್ರೆ ಎಂದು ಗುರುತು ಸಿಕ್ಕಿತು, ತಳದ ಆ ತಗ್ಗಿನ ಸದ್ದು ಸಹ. ಅಡುಗೆಮನೆಯಲ್ಲಿ ಅವನು ಬಡಿಯುತ್ತಿದ್ದದ್ದು ಇದೇ ವೇಗದಲ್ಲಿ. ತಾನೇ ನುಡಿಸಿದ್ದನ್ನು ತಾನೇ ಮರೆತಿದ್ದ. ಎರಡೂವರೆ ನಿಮಿಷ ಕಳೆಯಿತು. ಏಟು ನಿಂತು ಒಂದು ಖಾಲಿ ಜಾಗ ಬಂತು.

“ಬಾಗಿಲು ಹಾಕೋ, ಕತ್ತೆ.”

ಕೋಳಿಯಲ್ಲ. ಅವರೇ. ಹಾಸಿಗೆಯಲ್ಲಿ ಮಗ್ಗುಲು ಬದಲಿಸದೆ, ಕಣ್ಣು ಬಿಡದೆ.

ಮೈದುನ ಎದ್ದ. ನೆಟ್ಟಗೆ ನಡೆದುಹೋಗಿ ಬೀದಿ ಬಾಗಿಲು ಹಾಕಿದ. ಚಿಲಕವನ್ನೂ ಹಾಕಿದ. ಬಂದು ಕುರ್ಚಿಯಲ್ಲಿ ಕೂತ. ಕೂತ ಮೇಲೆ ತಾನು ಮಾಡಿದ್ದೇನು ಎಂದು ಅವನಿಗೆ ತಿಳಿದಿರಬೇಕು. ಬಾಗಿಲನ್ನೂ ಪ್ಲೇಯರನ್ನೂ ನನ್ನನ್ನೂ ಒಂದೊಂದು ಸಲ ನೋಡಿದ. ಅಂಗಡಿಯವನಿಗೆ ಏನೂ ಗೊತ್ತಾಗಲಿಲ್ಲ. ಅವನು ಕಣ್ಣು ಮುಚ್ಚಿ ಸೊಂಟ ಅಲುಗಿಸುತ್ತಿದ್ದ. ಇನ್ನೂ ಹತ್ತು ಸಲ ಆ ಮಾತು ಬಂತು, ನಾನು ಎಣಿಸಿದೆ. ಹಾಡು ಮುಗಿದು ಮುಳ್ಳು ಒಳಸುತ್ತಿಗೆ ಬಂದು ಕರಕರ ಅಂದಾಗ ನೋಡಿದರೆ, ಕಾಜಾದ ಸೂಜಿಗೆ ದಾರವೇ ಇರಲಿಲ್ಲ. ಒಂದು ಇಡೀ ಕಾಜಾವನ್ನು ಬರೀ ಸೂಜಿಯಲ್ಲಿ ಚುಚ್ಚಿದ್ದೆ.

“ಅಣ್ಣ ಹೀಗೇ ಅಂತಿದ್ನಾ, ಅತ್ತಿಗೆ?”

“ಹೀಗೇ ಅಂತಿದ್ರು. ನೀನು ಕೋಳಿ ಮಾಡಿದ್ದೆ.”

ಅವನು ಜೇಬಿನ ಕಾಗದ ತೆಗೆದು, ‘ಬೇಡ’ವನ್ನು ಹೊಡೆದುಹಾಕಿ, ಕೆಳಗೆ ‘ಸರಿ’ ಎಂದು ಬರೆದ. ಬರೆದ ಮೇಲೆ ಅವನಿಗೆ ತನ್ನ ಸ್ವಭಾವ ನೆನಪಾಯಿತು. ಇದು ಮುದುಕರ ಹಾಡೇ, ಅದರಲ್ಲಿ ಎರಡು ಮಾತಿಲ್ಲ, ಆದರೆ ಅಣ್ಣ ಬೈಯುವುದು ಮಾತ್ರ ಇದರಲ್ಲಿ ಸರಿಯಾಗಿ ಬಂದಿದೆ ಎಂದ. ಮೇಲೆ ಎರಡು ಷರತ್ತು ಸೇರಿಸಿದ. ಒಂದು, ಕವರಿನ ಹಿಂದೆ ‘ಧ್ವನಿ: ನಿದ್ದೆಗೆಟ್ಟ ಅಣ್ಣ’ ಎಂದು ಹಾಕಬೇಕು. ಎರಡು, ಆ ಮಂತ್ರದ ಅರ್ಥವನ್ನು ಅವರಿಗೆ ತಿಳಿಸ್ತೀನಿ, ಆಮೇಲೆ ಮನಸ್ಸು ಬದಲಿಸಬಾರದು.

ಅಂಗಡಿಯವನು ಅರ್ಥ ಬರೆದು ಕಳಿಸಿದ. ಕಂಪನಿಯಿಂದ ಎರಡು ದಿನ ಉತ್ತರವಿಲ್ಲ. ಮೂರನೇ ದಿನ ಬಂತು. ಈ ಮಾತಿನ ಸದ್ದನ್ನು ಕಂಪ್ಯೂಟರಿಗೆ ಕೊಟ್ಟು ನಿಮ್ಮ ಲಿಪಿಯಲ್ಲಿ ಬರೆಸಿ ಇನ್ನೂರು ಅಂಗಿಗಳ ಮೇಲೆ ಅಚ್ಚು ಹಾಕಿಸಿ ಹೋದ ವರ್ಷವೇ ಮಾರಿದ್ದೇವೆ, ತೊಟ್ಟವರಿಗೆ ಏನು ಹೇಳುವುದೆಂದು ಯೋಚಿಸುತ್ತಿದ್ದೇವೆ ಎಂದಿತ್ತು. ಎಲ್ಲೋ ದೂರದಲ್ಲಿ ಇನ್ನೂರು ಜನ ಎದೆಯ ಮೇಲೆ ಕತ್ತೆ ಎಂದು ಬರೆಸಿಕೊಂಡು ಓಡಾಡುತ್ತಿದ್ದಾರೆ. ಯಜಮಾನರಿಗೆ ತಿಳಿದಿದ್ದರೆ, ಬಾಗಿಲು ಹಾಕದವರು ಅಷ್ಟು ಜನ ಇದ್ದಾರಾ ಎನ್ನುತ್ತಿದ್ದರು.

ಹೊಸ ರೆಕಾರ್ಡು ಬಂದದ್ದು ಅವನ ನಿವೃತ್ತಿಗೆ ಒಂಬತ್ತು ದಿನ ಮೊದಲು. ಅವನ ಪಾಲಿಗೆ ಹತ್ತು ಪ್ರತಿ. ನಡುವಿನ ಕಾಗದದ ಮೇಲೆ ಮೂವತ್ತಮೂರು ಎಂದು ದಪ್ಪವಾಗಿ ಅಚ್ಚಾಗಿತ್ತು. ಹತ್ತನ್ನೂ ನನ್ನ ಮುಂದೆ ತಂದು ಪೇರಿಸಿ ಕೂತ. ಅವನಿಗೆ ಏನು ಬೇಕು ಎಂದು ನನಗೆ ಗೊತ್ತು. ಗುಂಡಿಗಳ ಡಬ್ಬಿ ಬೋರಲು ಹಾಕಿ ರಬ್ಬರು ಹುಡುಕಿದೆ. ಅಂಚು ಸ್ವಲ್ಪ ಬಿರಿದಿತ್ತು, ಅಂಕಿ ಹಾಗೇ ಇತ್ತು. ಒಂಬತ್ತು ಪ್ಲೇಟಿನ ಮೇಲೆ, ಅವರ ಮೂವತ್ತಮೂರರ ಪಕ್ಕದಲ್ಲೇ, ತಿರುಗುಮುರುಗಾದ ನಲವತ್ತೈದನ್ನು ಒತ್ತಿಕೊಟ್ಟೆ. ಕೈ ಈಗಲೂ ಅಲುಗುವುದಿಲ್ಲ. ಹತ್ತನೆಯದನ್ನು ಅವನು ಒತ್ತಲು ಬಿಡಲಿಲ್ಲ. ಅದು ನಿಮ್ಮದು ಎಂದು ಕಪಾಟಿನ ಒಳಗಿಟ್ಟು ಹೊರಟ. ಕಪಾಟಿನ ಬಾಗಿಲೂ ಬೀದಿ ಬಾಗಿಲೂ ತೆರೆದೇ ಇದ್ದವು.

ಅಂಗಡಿಯವನು ಪ್ಲೇಯರನ್ನು ನನ್ನ ಮನೆಯಲ್ಲೇ ಬಿಟ್ಟಿದ್ದಾನೆ. ಪ್ಲೇಟಿನ ಗೆರೆಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಏಟು ಇರುವ ಕಡೆ ಒಂದು ಬಗೆ, ಏಟು ನಿಂತ ಕಡೆ ಇನ್ನೊಂದು ಬಗೆ ಹೊಳೆಯುತ್ತದೆ. ಮಾತಿನ ಹನ್ನೊಂದು ಜಾಗಗಳೂ ಈಗ ನನಗೆ ಕಣ್ಣಳತೆಗೆ ಸಿಗುತ್ತವೆ. ನಿವೃತ್ತಿಯಾದ ಮೇಲೆ ಮೈದುನ ದಿನಾ ಹತ್ತೂವರೆಗೆ ಬರುತ್ತಾನೆ, ಚಹಾ ಕೇಳುತ್ತ ನೇರ ಒಳಗೆ ನುಗ್ಗುತ್ತಾನೆ. ನಾನು ಬಾಯಿ ನೋಯಿಸಿಕೊಳ್ಳುವುದಿಲ್ಲ. ಲಿವರ್ ಮೂವತ್ತಮೂರಕ್ಕೆ ಇದೆಯೇ ನೋಡಿಕೊಂಡು ಮುಳ್ಳು ಇಡುತ್ತೇನೆ. ಅವನು ಬೈದುಕೊಂಡು ವಾಪಸ್ಸು ಹೋಗಿ ಬಾಗಿಲು ಹಾಕಿ ಬರುತ್ತಾನೆ.